ಮರದ ಹಡಗು ಮತ್ತು ಮೂರು ಮನೆಗಳ ಹಕ್ಕು



ಕಳೆದ ಮಳೆಗಾಲದ ಒಂದು ಸಂಜೆ ಮಗ್ರಿಬ್ ನಮಾಝ್ ಮುಗಿದ ಮೇಲೆ ಹೊಸಪೇಟೆಯ ಪರಿಚಿತರೊಬ್ಬರು ನನ್ನನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ನಡುಮನೆಯ ಗೋಡೆಗಂಟಿಸಿದ ಹಲಗೆಯ ಮೇಲೆ ಸುಮಾರು ಎರಡೂವರೆ ಅಡಿ ಉದ್ದದ ಒಂದು ಮರದ ಹಡಗು ಇತ್ತು. ಮುಂದಿನ ಕಂಬ ಮುರಿದಿತ್ತು. ಹಗ್ಗದಂತೆ ಕಟ್ಟಿದ್ದ ನೂಲು ಜೋತುಬಿದ್ದಿತ್ತು. ಕೆಳಗೆ ಹಲಗೆಯ ಮೇಲೆ ಹಿಟ್ಟಿನಂಥ ಮರದ ಪುಡಿ ಉದುರಿತ್ತು.

"ಹಜ್ರತ್, ಇದು ಅಬ್ಬಾ ಹಜ್ಜಿಗೆ ಹೋಗಿ ಬಂದ ನೆನಪಿನ ಹಡಗು. ಇದನ್ನು ಸರಿ ಮಾಡಿಸಿ ಇಟ್ಟುಕೊಳ್ಳಲೋ, ಮಾರಿಬಿಡಲೋ ತಿಳಿಯುತ್ತಿಲ್ಲ" ಎಂದರು.

ಇದು ಬಡಗಿಯನ್ನು ಕೇಳಬೇಕಾದ ಪ್ರಶ್ನೆ, ಮದ್ರಸದ ಮಾಸ್ತರನನ್ನು ಕೇಳುವುದೇಕೆ ಎಂದು ನನಗೆ ಮೊದಲು ಅನಿಸಿತು. ಮಾತು ಮುಂದುವರಿದಂತೆ, ಬಡಗಿಗೆ ಕೇಳುವ ಮೊದಲೇ ಅಲ್ಲಾಹನ ಗ್ರಂಥವನ್ನು ಕೇಳಬೇಕಾದ ಪ್ರಶ್ನೆ ಇದೆಂದು ಅರ್ಥವಾಯಿತು. ನಮ್ಮ ಬಹಳಷ್ಟು ಮನೆಗಳಲ್ಲಿ ಇಂಥ ಒಂದು ವಸ್ತು ಇದ್ದೇ ಇರುತ್ತದೆ. ಹಡಗಲ್ಲದಿದ್ದರೆ ತಾಮ್ರದ ಹಂಡೆ, ಗಡಿಯಾರ, ಹೊಲಿಗೆ ಯಂತ್ರ, ತೇಗದ ಮಂಚ. ಆದ್ದರಿಂದ ಆ ಸಂಜೆಯ ಮಾತನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಹಡಗಿನ ಹಿನ್ನೆಲೆ

ಇಂದು ನಮ್ಮ ಹಾಜಿಗಳು ಬೆಳಿಗ್ಗೆ ವಿಮಾನ ಹತ್ತಿ ಅಂದೇ ಜಿದ್ದಾ ತಲುಪುತ್ತಾರೆ. ಹಿಂದಿನ ತಲೆಮಾರಿಗೆ ಹಜ್ಜ್ ಎಂದರೆ ಹಡಗು. ಹೊಸಪೇಟೆ, ಕಂಪ್ಲಿ, ಸಂಡೂರಿನ ಯಾತ್ರಿಕರು ಬುತ್ತಿ, ಹಾಸಿಗೆ ಕಟ್ಟಿಕೊಂಡು ಮುಂಬಯಿಗೆ ಹೋಗುತ್ತಿದ್ದರು. ಅಲ್ಲಿ ಮುಸಾಫಿರ್‌ಖಾನೆಯಲ್ಲಿ ತಂಗಿ, ತಮ್ಮ ಸರದಿಗಾಗಿ ಕಾದು, ಮುಗಲ್ ಲೈನ್ ಕಂಪೆನಿಯ ಹಡಗು ಹತ್ತುತ್ತಿದ್ದರು. ಸಮುದ್ರದ ಮೇಲೆ ವಾರ ಕಳೆಯುತ್ತಿತ್ತು. ಹಡಗು ಯಲಮ್‌ಲಮ್‌ನ ನೇರಕ್ಕೆ ಬಂದಾಗ ಅಲ್ಲಿಯೇ ಇಹ್ರಾಮ್ ಧರಿಸಿ ತಲ್ಬಿಯಾ ಹೇಳುತ್ತಿದ್ದರು. 1995ರಲ್ಲಿ 'ಅಕ್ಬರ್' ಹಡಗಿನ ಯಾತ್ರೆಯೊಂದಿಗೆ ಮುಂಬಯಿಯಿಂದ ಜಿದ್ದಾಕ್ಕೆ ಹಾಜಿಗಳನ್ನು ಒಯ್ಯುವ ಆ ಸಮುದ್ರಮಾರ್ಗ ನಿಂತುಹೋಯಿತು.

ಈ ಮನೆಯ ಯಜಮಾನರು 1970ರ ದಶಕದ ಆರಂಭದಲ್ಲಿ ಹಾಗೆ ಹೋಗಿ ಬಂದವರು. ಮರಳಿ ಬಂದ ಮೇಲೆ ಊರಿನ ಬಡಗಿಯೊಬ್ಬರನ್ನು ಕೂರಿಸಿಕೊಂಡು, ತಾವು ಕಂಡ ಹಡಗನ್ನು ಬಾಯಿಯಲ್ಲಿ ವರ್ಣಿಸಿ, ತೇಗದಲ್ಲಿ ಮಾಡಿಸಿದರು. ಆ ಬಡಗಿ ಸಮುದ್ರ ಕಂಡವರಲ್ಲ, ತುಂಗಭದ್ರೆಯ ಹರಿಗೋಲು ಕಂಡವರು. ಹಾಗಾಗಿ ಹೊಗೆ ಕೊಳವೆಯ ಪಕ್ಕದಲ್ಲಿಯೇ ಹಾಯಿಯ ಕಂಬವೂ ಎದ್ದು ನಿಂತಿದೆ! ಆದರೂ ಆ ಮನೆಯ ಮಕ್ಕಳು ಸಮುದ್ರವೆಂದರೇನೆಂದು ತಿಳಿದದ್ದು ಅದರಿಂದಲೇ.

ಇಲ್ಲಿ ಒಂದು ಸಂಶಯವನ್ನು ಮೊದಲೇ ನಿವಾರಿಸುತ್ತೇನೆ. ಇಂಥ ಪ್ರತಿರೂಪವನ್ನು ಮನೆಯಲ್ಲಿಡಬಹುದೇ ಎಂದು ಕೆಲವರು ಕೇಳುತ್ತಾರೆ. ಚಿತ್ರ ಬಿಡಿಸಿ ಬದುಕುತ್ತಿದ್ದ ಒಬ್ಬನಿಗೆ ಹಝ್ರತ್ ಇಬ್ನು ಅಬ್ಬಾಸ್(ರ) ಅವರು, ಮಾಡಲೇಬೇಕೆಂದಿದ್ದರೆ ಮರದಂಥ ಜೀವವಿಲ್ಲದ ವಸ್ತುಗಳನ್ನು ಮಾಡು ಎಂದು ಸಲಹೆ ನೀಡಿದ್ದು ಸಹೀಹ್ ಬುಖಾರಿಯಲ್ಲಿದೆ. ಹಡಗು ಜೀವಿಯಲ್ಲ. ಆದ್ದರಿಂದ ತೊಂದರೆ ಇಲ್ಲ. ಆದರೆ ಹಾಜಿಯ ಮನೆಯ ಹಡಗೆಂದು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಅದರಿಂದ ಬರ್ಕತ್ ಬರುತ್ತದೆಂದು ನಂಬುವುದು ಸಲ್ಲದು. ಅದು ನೆನಪಿನ ವಸ್ತು, ಅಷ್ಟೇ.

ಮೂರು ದಾರಿಗಳು

ಅವರ ಮುಂದೆ ಮೂರು ದಾರಿಗಳಿದ್ದವು. ಒಂದು, ಬಡಗಿ ಹೇಳಿದ 9,000 ರೂಪಾಯಿ ಕೊಟ್ಟು ಹೊಸ ಕಂಬ, ಹೊಸ ಪಾಲಿಶ್ ಮಾಡಿಸಿ ಇಟ್ಟುಕೊಳ್ಳುವುದು. ಈ ಖರ್ಚನ್ನು ಒಡಹುಟ್ಟಿದವರೆಲ್ಲ ಹಂಚಿಕೊಳ್ಳಲಿ ಎಂಬುದು ಅವರ ಎಣಿಕೆ. ಮುಂಗಡವಾಗಿ 1,000 ರೂಪಾಯಿಯನ್ನು ಕೊಟ್ಟೂ ಆಗಿತ್ತು. ಎರಡು, ಇದ್ದ ಹಾಗೆಯೇ ಮಾರುವುದು. ಮೂರು, ಹಂಪಿಯ ಪ್ರವಾಸಿಗಳಿಗೆ ಹಳೆಯ ಸಾಮಾನು ಮಾರುವ ಒಬ್ಬ ವ್ಯಾಪಾರಿ ತೋರಿಸಿದ ದಾರಿ: "ನೂರು ವರ್ಷ ದಾಟಿದ ಹಡಗು, ಅರಬ್ ಕುದುರೆ ವ್ಯಾಪಾರಿಗಳ ವಂಶದ ಮನೆಯದು ಎಂದು ಬರೆದುಕೊಡಿ, 25,000 ಕೊಡುತ್ತೇನೆ."

ನಾನು ಒಂದೇ ಪ್ರಶ್ನೆ ಕೇಳಿದೆ: "ಭಾಯಿ ಸಾಹೇಬ್, ಈ ಹಡಗು ಯಾರದು?"

"ಅಬ್ಬಾರದು."

"ಅಬ್ಬಾ ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ಯಾರದು?"

ಅವರು ಉತ್ತರಿಸಲಿಲ್ಲ. ಒಳಗಿನಿಂದ ಅವರ ತಾಯಿ, "ಬೇಟಾ, ಅದೇ ಮಾತನ್ನು ನಾನೂ ಕೇಳಬೇಕೆಂದಿದ್ದೆ" ಎಂದರು.

ಕಡಿಮೆಯಾಗಲಿ, ಹೆಚ್ಚಾಗಲಿ

ಹೊಲ, ಮನೆ, ಚಿನ್ನ ಇವುಗಳಿಗೆ ಮಾತ್ರ ವಾರೀಸು ಹಕ್ಕು ಇದೆಯೆಂದು ನಾವು ತಿಳಿದಿದ್ದೇವೆ. ಮನೆಯ ಸಾಮಾನುಗಳು ಆ ಮನೆಯಲ್ಲಿ ಉಳಿದವನದು ಎಂಬುದು ನಮ್ಮ ರೂಢಿ. ಆದರೆ ಪವಿತ್ರ ಕುರ್‌ಆನ್ ಅನ್ನಿಸಾ ಅಧ್ಯಾಯದ 7ನೇ ವಚನದಲ್ಲಿ ತಂದೆತಾಯಿಗಳು ಬಿಟ್ಟುಹೋದುದರಲ್ಲಿ ಗಂಡಸರಿಗೂ ಪಾಲಿದೆ, ಹೆಂಗಸರಿಗೂ ಪಾಲಿದೆ ಎಂದು ತಿಳಿಸಿ, ಆ ಸೊತ್ತು ಅಲ್ಪವಾಗಿರಲಿ ಅಧಿಕವಾಗಿರಲಿ ಎಂಬುದನ್ನೂ ಸ್ಪಷ್ಟಪಡಿಸಿದೆ. ಈ 'ಅಲ್ಪ'ದೊಳಗೆ ಮುರಿದ ಕಂಬದ ಹಡಗೂ ಸೇರುತ್ತದೆ.

ಈ ಕುಟುಂಬದ ವಾರೀಸುದಾರರನ್ನು ಲೆಕ್ಕ ಹಾಕೋಣ. ಮೃತರಿಗೆ ಪತ್ನಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಮೊದಲು ಸಾಲ ತೀರಬೇಕು. ಪತ್ನಿಯ ಮಹ್ರ್ ಬಾಕಿಯಿದ್ದರೆ ಅದೂ ಸಾಲವೇ. ಬಳಿಕ ವಸಿಯ್ಯತ್ ಇದ್ದರೆ ಮೂರನೆಯ ಒಂದು ಭಾಗದೊಳಗೆ ಅದು. ಉಳಿದುದರಲ್ಲಿ ಪತ್ನಿಗೆ ಎಂಟನೆಯ ಒಂದು ಭಾಗ. ಮಿಕ್ಕದ್ದರಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಪಾಲು. ಹಡಗನ್ನು 40 ಭಾಗವೆಂದು ಭಾವಿಸಿದರೆ ತಾಯಿಗೆ 5, ಹಿರಿಯ ಮಗನಿಗೆ 14, ಕಿರಿಯ ಮಗನಿಗೆ 14, ಮಗಳಿಗೆ 7.

ಮಗಳನ್ನು ಕಂಪ್ಲಿಗೆ ಕೊಟ್ಟಿದೆ. ಕಿರಿಯ ಮಗ ಸಂಡೂರಿನಲ್ಲಿ ಅದಿರು ಲಾರಿ ಓಡಿಸುತ್ತಿದ್ದವರು. ತಂದೆ ತೀರಿಕೊಂಡ ಮರುವರ್ಷ ಅವರೂ ಅಲ್ಲಾಹನ ಕಡೆಗೆ ಮರಳಿದರು. ಪತ್ನಿ, ಚಿಕ್ಕವನಾದ ಒಬ್ಬ ಮಗ, ಇನ್ನೂ ಚಿಕ್ಕ ಮಗಳು ಸಂಡೂರಿನಲ್ಲಿಯೇ ಬಾಡಿಗೆ ಮನೆಯಲ್ಲಿದ್ದಾರೆ. ತಂದೆಗಿಂತ ಮೊದಲು ತೀರಿಕೊಂಡ ಮಗನ ವಿಷಯ ಬೇರೆ. ಇವರು ತಂದೆಯ ನಂತರ ತೀರಿಕೊಂಡವರು. ಅವರ 14 ಭಾಗಗಳು ಅಣ್ಣನಿಗೆ ಹೋಗುವುದಿಲ್ಲ. ಅದರಲ್ಲಿ ತಾಯಿಗೆ ಆರನೆಯ ಒಂದು, ಪತ್ನಿಗೆ ಎಂಟನೆಯ ಒಂದು, ಉಳಿದದ್ದು ಮಗನಿಗೆ ಎರಡು ಮಗಳಿಗೆ ಒಂದರಂತೆ ಹಂಚಿಕೆಯಾಗುತ್ತದೆ.

ಎಂದರೆ ಹೊಸಪೇಟೆಯ ಗೋಡೆಯ ಮೇಲಿದ್ದ ಆ ಹಡಗಿನಲ್ಲಿ ಇಬ್ಬರು ಯತೀಮ್ ಮಕ್ಕಳ ಪಾಲು ಕೂತಿತ್ತು. ನಾಲ್ಕು ವರ್ಷದಿಂದ ಯಾರೂ ಅದನ್ನು ನೋಡಿರಲಿಲ್ಲ.

ಸಹೋದರಿಯ 'ಬೇಡ'

"ತಂಗಿ ಏನೂ ಕೇಳುವುದಿಲ್ಲ ಹಜ್ರತ್, ಬೇಡವೆಂದೇ ಹೇಳುತ್ತಾಳೆ" ಎಂದರು ಅವರು.

ಓದುಗರೇ, ಈ 'ಬೇಡ'ವನ್ನು ನಾವು ಬಹಳ ಸುಲಭವಾಗಿ ಒಪ್ಪಿಕೊಳ್ಳುತ್ತೇವೆ. ತವರಿನ ಬಾಗಿಲು ಮುಚ್ಚಿಹೋದೀತೆಂಬ ಭಯದಿಂದ ನಮ್ಮ ಹೆಣ್ಣುಮಕ್ಕಳು ಹೊಲ ಬೇಡ, ಮನೆ ಬೇಡ ಎನ್ನುತ್ತಾರೆ. ಭಯದಿಂದ ಬಂದ ಮಾತು ಮನಃಪೂರ್ವಕ ದಾನವಾಗುವುದಿಲ್ಲ. ಸರಿಯಾದ ಕ್ರಮವೆಂದರೆ ಮೊದಲು ಲೆಕ್ಕ ಹೇಳಬೇಕು, ಪಾಲನ್ನು ಅವಳ ಕೈಗೆ ಕೊಡಬೇಕು. ಕೈಗೆ ಬಂದ ಮೇಲೆ ಅವಳು ಸಂತೋಷದಿಂದ ಹಿಂದಿರುಗಿಸಿದರೆ ಅದು ಉಡುಗೊರೆ. ಕೊಡದೆಯೇ 'ಬೇಡವೆಂದಳು' ಎನ್ನುವುದು ಉಡುಗೊರೆಯಲ್ಲ.

ವಯಸ್ಕಳಾದ ಸಹೋದರಿ ಬಿಟ್ಟುಕೊಡಬಲ್ಲಳು. ಯತೀಮ್ ಮಗು ಬಿಟ್ಟುಕೊಡಲಾರದು. ಅದರ ಪರವಾಗಿ ತಾಯಿಯೂ, ದೊಡ್ಡಪ್ಪನೂ, ಅಜ್ಜಿಯೂ ದಾನ ಮಾಡುವಂತಿಲ್ಲ. ಯತೀಮರ ಸೊತ್ತಿನ ಹತ್ತಿರ ಅತ್ಯುತ್ತಮ ರೀತಿಯಲ್ಲಲ್ಲದೆ ಹೋಗಬಾರದೆಂದು ಕುರ್‌ಆನ್ (17:34) ಆಜ್ಞಾಪಿಸುತ್ತದೆ. ಅದನ್ನು ಅನ್ಯಾಯವಾಗಿ ತಿನ್ನುವವರು ಹೊಟ್ಟೆಗೆ ಬೆಂಕಿ ತುಂಬಿಕೊಳ್ಳುತ್ತಾರೆಂದು (4:10) ಎಚ್ಚರಿಸುತ್ತದೆ. ಯತೀಮ್ ಮತ್ತು ಸ್ತ್ರೀ, ಈ ಇಬ್ಬರು ದುರ್ಬಲರ ಹಕ್ಕಿನ ಬಗ್ಗೆ ಪ್ರವಾದಿವರ್ಯರು(ಸ) ವಿಶೇಷವಾಗಿ ಎಚ್ಚರಿಕೆ ನೀಡಿದ್ದಾರೆ. ಈ ಒಂದು ಹಡಗಿನಲ್ಲಿ ಇಬ್ಬರೂ ಇದ್ದರು.

ಒಂದು ದೋಣಿ, ಒಂದು ಗೋಡೆ

ಜುಮುಆ ದಿನ ನಾವು ಓದುವ ಅಲ್‌ಕಹ್ಫ್ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಹಝ್ರತ್ ಮೂಸಾ(ಅ) ಅವರು ಹಝ್ರತ್ ಖಿಝ್ರ್(ಅ) ಅವರ ಜೊತೆ ಪ್ರಯಾಣ ಮಾಡುತ್ತಾರೆ. ಖಿಝ್ರ್(ಅ) ಒಂದು ದೋಣಿಯನ್ನು ಕೆಡಿಸುತ್ತಾರೆ. ಮುಂದೆ ಒಂದು ಊರಿನಲ್ಲಿ ಬೀಳಲಿದ್ದ ಗೋಡೆಯನ್ನು ಕೂಲಿಯಿಲ್ಲದೆ ನಿಲ್ಲಿಸುತ್ತಾರೆ. ಒಂದನ್ನು ಕೆಡಿಸಿದರು, ಇನ್ನೊಂದನ್ನು ಸರಿಪಡಿಸಿದರು. ಮೂಸಾ(ಅ) ಅವರಿಗೆ ಎರಡೂ ವಿಚಿತ್ರವಾಗಿ ಕಂಡವು.

ಕಾರಣ ಮಾತ್ರ ಎರಡಕ್ಕೂ ಒಂದೇ. ದೋಣಿ ಸಮುದ್ರದಲ್ಲಿ ದುಡಿದು ತಿನ್ನುವ ಬಡವರದು. ದೋಣಿಗಳನ್ನು ಬಲವಂತವಾಗಿ ಕಸಿದುಕೊಳ್ಳುವ ಒಬ್ಬ ಅರಸನಿದ್ದ. ದೋಷವಿದ್ದುದರಿಂದ ಅವರ ದೋಣಿ ಅವರಿಗೇ ಉಳಿಯಿತು. ಗೋಡೆ ಇಬ್ಬರು ಯತೀಮ್ ಬಾಲಕರದು. ಅದರಡಿಯಲ್ಲಿ ಅವರ ನಿಧಿ ಇತ್ತು. ಅವರು ಪ್ರಾಯಕ್ಕೆ ಬರುವವರೆಗೆ ಗೋಡೆ ನಿಲ್ಲಬೇಕಿತ್ತು.

ಖಿಝ್ರ್(ಅ) ಅವರಿಗಿದ್ದ ವಿಶೇಷ ಜ್ಞಾನ ನಮಗಿಲ್ಲ. ಇನ್ನೊಬ್ಬರ ವಸ್ತುವನ್ನು ಕೆಡಿಸುವ ಅನುಮತಿಯೂ ನಮಗಿಲ್ಲ. ಆದರೆ ಇದರಲ್ಲಿ ಒಂದು ಪಾಠವಿದೆ. ವಸ್ತು ಹೊಳೆಯಬೇಕೇ, ಹಾಗೆಯೇ ಇರಬೇಕೇ ಎಂಬುದು ಎರಡನೆಯ ಪ್ರಶ್ನೆ. ಅದರಲ್ಲಿ ಯಾವ ದುರ್ಬಲನ ಹಕ್ಕಿದೆ, ಅದು ಹೇಗೆ ಉಳಿಯುತ್ತದೆ ಎಂಬುದೇ ಮೊದಲನೆಯದು. ಈ ಹಡಗನ್ನು ನಾಲ್ವರ ಹಣದಲ್ಲಿ ಹೊಳೆಯುವಂತೆ ಮಾಡಿ ಒಬ್ಬರ ಗೋಡೆಯ ಮೇಲೆ ನಿಲ್ಲಿಸಿದರೆ ಸಂಡೂರಿನ ಆ ಮಕ್ಕಳಿಗೆ ಏನು ಸಿಕ್ಕಿತು?

ನೂರು ವರ್ಷದ ಸುಳ್ಳು

ಇನ್ನು ಆ 25,000 ರೂಪಾಯಿಯ ದಾರಿ. "ಹೆಚ್ಚು ಹಣ ಬಂದರೆ ಯತೀಮರಿಗೂ ಹೆಚ್ಚು ಹೋಗುತ್ತದಲ್ಲ?" ಎಂದು ಅವರು ಕೇಳಿದರು. ಪ್ರಶ್ನೆ ಪ್ರಾಮಾಣಿಕವಾಗಿತ್ತು. ಆದರೆ ಹರಾಮ್ ದಾರಿಯಿಂದ ಬಂದದ್ದು ಯತೀಮನ ತಟ್ಟೆಗೆ ಬಿದ್ದ ಮಾತ್ರಕ್ಕೆ ಹಲಾಲ್ ಆಗುವುದಿಲ್ಲ.

ಹಂಪಿಯ ಚರಿತ್ರೆಯಲ್ಲಿ ಅರಬ್ ಕುದುರೆಗಳಿರುವುದು ನಿಜ. ಕುದುರೆಗಳು ಸಮುದ್ರ ದಾಟಿ ವಿಜಯನಗರಕ್ಕೆ ಬರುತ್ತಿದ್ದವು. 1443ರಲ್ಲಿ ಅಬ್ದುರ್ರಝಾಕ್ ಎಂಬ ರಾಯಭಾರಿ ಸಮುದ್ರದ ಮೂಲಕ ಕಲ್ಲಿಕೋಟೆಗೆ ಬಂದು, ಮಂಗಳೂರಿನ ದಾರಿಯಾಗಿ ವಿಜಯನಗರಕ್ಕೆ ಬಂದು ಕಂಡದ್ದನ್ನು ಬರೆದಿಟ್ಟಿದ್ದಾರೆ. ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ಹಂಪಿಯಲ್ಲಿ ನಿಂತಿದೆ. ಅದರ ಶಾಸನ ಅದನ್ನು 'ಧರ್ಮಸಾಲೆ' ಎಂದು ಕರೆಯುತ್ತದೆ. ಇವೆಲ್ಲ ಸತ್ಯ. ಆದರೆ ಈ ಸತ್ಯಕ್ಕೂ ಆ ಹಡಗಿಗೂ ಸಂಬಂಧವಿಲ್ಲ. ಸತ್ಯದ ಪಕ್ಕದಲ್ಲಿ ನಿಲ್ಲಿಸಿದ ಸುಳ್ಳು ಹೆಚ್ಚು ಬೆಲೆಗೆ ಹೋಗುತ್ತದೆ, ವ್ಯಾಪಾರಿಯ ಯುಕ್ತಿ ಇಷ್ಟೇ.

ಕಾನೂನನ್ನೂ ತಿಳಿದಿರಬೇಕು. ನಮ್ಮ ದೇಶದ 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾಕೃತಿ, ಕುಶಲವಸ್ತುಗಳು ಪ್ರಾಚೀನ ವಸ್ತುಗಳೆನಿಸುತ್ತವೆ. ಅವುಗಳ ವ್ಯಾಪಾರ ನಡೆಸಲು ಪರವಾನಿಗೆ ಬೇಕು. ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಐವತ್ತು ವರ್ಷ ದಾಟಿದ ಹಡಗನ್ನು ನೂರು ವರ್ಷದ್ದೆಂದು ಬರೆದುಕೊಟ್ಟವನು ಗಿರಾಕಿಯನ್ನೂ ವಂಚಿಸಿದ, ಕಾನೂನಿನ ತೊಡಕನ್ನೂ ಕೊರಳಿಗೆ ಕಟ್ಟಿಕೊಂಡ.

ಪ್ರವಾದಿವರ್ಯರು(ಸ) ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಗೆ ಕೈ ಹಾಕಿದಾಗ ಒಳಗೆ ಒದ್ದೆ ತಗಲಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲವೆಂದು ಕೇಳಿದರು. ಮೋಸಗಾರನಿಗೂ ತಮಗೂ ಸಂಬಂಧವಿಲ್ಲವೆಂದರು. ಮಾರುವವನೂ ಕೊಳ್ಳುವವನೂ ನಿಜ ನುಡಿದು ದೋಷವನ್ನು ತಿಳಿಸಿದರೆ ಆ ವ್ಯವಹಾರದಲ್ಲಿ ಬರ್ಕತ್ ಇರುತ್ತದೆ, ಮುಚ್ಚಿಟ್ಟರೆ ಬರ್ಕತ್ ಅಳಿದುಹೋಗುತ್ತದೆ ಎಂಬ ಅರ್ಥದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಕುಟ್ಟೆ ಹಿಡಿದ ಮರಕ್ಕೆ ಪಾಲಿಶ್ ಬಳಿದು ಮಾರುವುದು ಒದ್ದೆ ಧಾನ್ಯದ ಮೇಲೆ ಒಣ ಧಾನ್ಯ ಹರಡಿದಂತೆಯೇ.

ದುರಸ್ತಿಯ ಖರ್ಚು ಯಾರದು?

ಹಲವರಿಗೆ ಸೇರಿದ ವಸ್ತುವಿಗೆ ಒಬ್ಬನು ಉಳಿದವರನ್ನು ಕೇಳದೆ ಖರ್ಚು ಮಾಡಿದರೆ ಹನಫೀ ಫಿಕ್ಹ್‌ನ ಪ್ರಕಾರ ಅದು ಅವನ ಸ್ವಂತ ಔದಾರ್ಯ. ಉಳಿದವರಿಂದ ವಸೂಲಿ ಮಾಡುವ ಹಕ್ಕು ಅವನಿಗಿಲ್ಲ. ಆದ್ದರಿಂದ ಬಡಗಿಗೆ ಕೊಟ್ಟ 1,000 ರೂಪಾಯಿ ಭಾಯಿ ಸಾಹೇಬರದೇ ಖರ್ಚು. ಅದನ್ನು ಯಾರ ಪಾಲಿನಿಂದಲೂ ಕಳೆಯುವಂತಿಲ್ಲ.

ದುರಸ್ತಿಯಲ್ಲೂ ಎರಡು ಬಗೆ. ಹಾನಿಯನ್ನು ತಡೆಯುವುದು ಒಂದು, ಅಲಂಕರಿಸುವುದು ಇನ್ನೊಂದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದುದನ್ನು ನಾವು ಕಂಡಿದ್ದೇವೆ. 33 ಗೇಟುಗಳ ಅಣೆಕಟ್ಟು, ಹೋದದ್ದು ಒಂದೇ. ಆ ಒಂದು ಕಿಂಡಿಗಾಗಿ ನಾಲ್ಕು ಜಿಲ್ಲೆಗಳ ರೈತರು ನಿದ್ದೆಗೆಟ್ಟರು. ಅಂದು ಯಾರೂ ಅಣೆಕಟ್ಟಿಗೆ ಬಣ್ಣ ಬಳಿಯಲು ಓಡಲಿಲ್ಲ, ನೀರು ನಿಲ್ಲಿಸಲು ಓಡಿದರು. ಹಳೆಯ ವಸ್ತುವಿನ ದುರಸ್ತಿಯಲ್ಲೂ ಕ್ರಮ ಇದೇ.

ಮರದ ವಸ್ತು ಇರುವವರು ಇಷ್ಟನ್ನು ನೆನಪಿಡಿ. ಅದರ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ದಿನ ಬಿಡಿ. ಹೊಸ ಪುಡಿ ಉದುರಿದರೆ ಕುಟ್ಟೆ ಹುಳ ಒಳಗೆ ಇನ್ನೂ ಬದುಕಿದೆ. ಬೇರೆ ಮರದ ಸಾಮಾನುಗಳಿಂದ ಅದನ್ನು ದೂರವಿಟ್ಟು ಮೊದಲು ಹುಳಕ್ಕೆ ಮದ್ದು ಮಾಡಿಸಿ. ಧೂಳನ್ನು ಮೆತ್ತನೆಯ ಒಣ ಕುಂಚದಿಂದ ತೆಗೆಯಿರಿ, ನೀರು ಹಾಕಿ ತೊಳೆಯಬೇಡಿ. ಮರಳು ಕಾಗದದಿಂದ ಉಜ್ಜಿ ಹಳೆಯ ಮೆರುಗನ್ನು ಕಿತ್ತುಹಾಕಬೇಡಿ, ಅದು ಮತ್ತೆ ಬರುವುದಿಲ್ಲ. ಮುರಿದ ತುಂಡುಗಳನ್ನು ಎಸೆಯಬೇಡಿ. ಅಂಟಿಸುವುದಾದರೆ, ಬೇಕಾದಾಗ ಬಿಡಿಸಲು ಬರುವಂಥ ಅಂಟೇ ಒಳ್ಳೆಯದು. ಹಿಂದಿನ ಬಡಗಿಗಳು ಬಳಸುತ್ತಿದ್ದ ಮರವಜ್ರ ಅಂಥದು, ಬಿಸಿ ನೀರಿನ ಹಬೆಗೆ ಮೆತ್ತಗಾಗುತ್ತದೆ. ಬಿಸಿಲು ಬೀಳುವ ಕಡೆ, ಸೀರಿನ ಗೋಡೆಯ ಕಡೆ ಇಡಬೇಡಿ. ಇಷ್ಟಕ್ಕೆ 9,000 ರೂಪಾಯಿ ಬೇಡ.

ಹೇಗೆ ತೀರ್ಮಾನವಾಯಿತು

ಸಾಲ, ಮಹ್ರ್ ಬಾಕಿಯಿಲ್ಲವೆಂದು ತಾಯಿ ಹೇಳಿದರು. ವಸಿಯ್ಯತ್ ಇರಲಿಲ್ಲ. ಹಡಗು ಇದ್ದ ಹಾಗೆಯೇ, ಇದ್ದ ದೋಷದೊಂದಿಗೆ ಎಷ್ಟಕ್ಕೆ ಹೋದೀತೆಂದು ಸಂಬಂಧವಿಲ್ಲದ ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿದೆವು. ಒಬ್ಬರು 14,000 ಎಂದರು, ಇನ್ನೊಬ್ಬರು 14,800. ನಡುವಿನ 14,400 ರೂಪಾಯಿಯನ್ನು ಬೆಲೆಯೆಂದು ಇಟ್ಟುಕೊಂಡೆವು.

ಆ ಪ್ರಕಾರ ತಾಯಿಗೆ 1,800, ಇಬ್ಬರು ಗಂಡುಮಕ್ಕಳಿಗೆ ತಲಾ 5,040, ಮಗಳಿಗೆ 2,520. ತೀರಿಕೊಂಡ ಮಗನ 5,040ರಲ್ಲಿ ತಾಯಿಗೆ 840, ಅವರ ಪತ್ನಿಗೆ 630, ಮಗನಿಗೆ 2,380, ಮಗಳಿಗೆ 1,190. ಹಡಗನ್ನು ತಾನೇ ಇಟ್ಟುಕೊಳ್ಳಬೇಕಾದರೆ ಹಿರಿಯ ಮಗ ಉಳಿದವರಿಗೆ ಒಟ್ಟು 9,360 ರೂಪಾಯಿ ಕೊಟ್ಟು ಅವರ ಪಾಲನ್ನು ಕೊಳ್ಳಬೇಕು. ಇಲ್ಲವೇ ಎಲ್ಲರ ಒಪ್ಪಿಗೆಯಿಂದ ಹೊರಗೆ ನಿಜ ಹೇಳಿ ಮಾರಿ, ಬಂದುದನ್ನು ಇದೇ ಲೆಕ್ಕದಲ್ಲಿ ಹಂಚಬೇಕು.

ಭಾಯಿ ಸಾಹೇಬರು ಬಹಳ ಹೊತ್ತು ಸುಮ್ಮನಿದ್ದರು. ದುರಸ್ತಿಗೆಂದು ಇಟ್ಟಿದ್ದ ಹಣಕ್ಕೂ ಈ ಮೊತ್ತಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. "ಅಬ್ಬಾರ ಹಡಗು ಹೊಳೆಯಬೇಕೆಂದು ಇಟ್ಟ ದುಡ್ಡು ಇದು" ಎಂದರು.

"ನಿಮ್ಮ ಅಬ್ಬಾ ಹಜ್ಜಿಗೆ ಹೊರಡುವ ಮೊದಲು ಯಾರ ಯಾರ ಬಾಕಿ ತೀರಿಸಿ ಹೋಗಿದ್ದರು, ಅಮ್ಮೀಯನ್ನೇ ಕೇಳಿ" ಎಂದೆ. ಅಮ್ಮೀ ಹೇಳಿದರು. ಪಟ್ಟಿ ಉದ್ದವಾಗಿತ್ತು. ಕಿರಾಣಿ ಅಂಗಡಿಯ ಎಂಟಾಣೆಯೂ ಅದರಲ್ಲಿತ್ತು.

ಮುಂದಿನ ವಾರ ಅವರು ಮೊದಲು ಕಂಪ್ಲಿಗೆ ಹೋದರು. ತಂಗಿ ಹಣ ಕೈಯಲ್ಲಿ ಹಿಡಿದು ಅತ್ತರಂತೆ. ಹಣಕ್ಕಾಗಿ ಅಲ್ಲ, "ನನ್ನನ್ನೂ ಲೆಕ್ಕಕ್ಕೆ ಹಿಡಿದಿರಲ್ಲ ಭಾಯಿಜಾನ್" ಎಂದು. ಅವರು ಅದನ್ನು ಹಿಂದಿರುಗಿಸಲಿಲ್ಲ. ಹಿಂದಿರುಗಿಸಬೇಕೆಂದು ಯಾರೂ ನಿರೀಕ್ಷಿಸಲೂ ಬಾರದು. ಅಲ್ಲಿಂದ ಸಂಡೂರಿಗೆ ಹೋಗಿ, ಮಕ್ಕಳ 3,570 ರೂಪಾಯಿಯನ್ನು ಇಬ್ಬರು ಸಾಕ್ಷಿಗಳ ಎದುರು ಬರೆದಿಟ್ಟು, ಅವರ ಹೆಸರಿನಲ್ಲಿ ಬೇರೆಯಾಗಿ ಇಡುವ ವ್ಯವಸ್ಥೆ ಮಾಡಿದರು. ಸಣ್ಣ ಮೊತ್ತವೇ. ಆದರೆ ಅಂದು ಅವರ ಕಣ್ಣು ಆ ಬಾಡಿಗೆ ಮನೆಯ ಸೋರುವ ಮೂಲೆಯ ಮೇಲೂ ಬಿತ್ತು. ತಮ್ಮ ತೀರಿಕೊಂಡ ಮೇಲೆ ಈದ್ ದಿನವಲ್ಲದೆ ಆ ಮನೆಗೆ ಹೋದದ್ದು ಅದೇ ಮೊದಲೆಂದು ನನ್ನೊಡನೆ ತಲೆತಗ್ಗಿಸಿ ಹೇಳಿದರು.

ಹಡಗಿಗೆ ಹೊಸ ಪಾಲಿಶ್ ಬರಲಿಲ್ಲ. ಕುಟ್ಟೆಗೆ ಮದ್ದು ಮಾಡಿಸಿದ್ದಾರೆ. ಮುರಿದ ಕಂಬವನ್ನು ಬಡಗಿ ಹಳೆಯ ತುಂಡಿನಿಂದಲೇ ಕೂಡಿಸಿದ್ದಾರೆ, ಗಾಯ ಕಾಣುತ್ತದೆ. ಅದು ಈಗ ಒಬ್ಬರದೇ ಹಡಗು, ಯಾರ ಋಣವೂ ಅದರಲ್ಲಿಲ್ಲ. ಸಂಡೂರಿನ ಹುಡುಗ ರಜೆಗೆ ಬಂದಾಗ ದೊಡ್ಡಪ್ಪ ಅದನ್ನು ಕೆಳಗಿಳಿಸಿ ಅವನ ಕೈಗೆ ಕೊಡುತ್ತಾರೆ.

ಈಗ ನಿಮ್ಮ ಮನೆ

ಓದುಗರೇ, ಈ ಪತ್ರಿಕೆಯನ್ನು ಕೆಳಗಿಟ್ಟ ಮೇಲೆ ಒಮ್ಮೆ ಮನೆಯೊಳಗೆ ತಿರುಗಿ ನೋಡಿ. ತೀರಿಕೊಂಡ ಹಿರಿಯರ ಯಾವ ವಸ್ತು ನಿಮ್ಮಲ್ಲಿದೆ? ಅದರಲ್ಲಿ ಯಾರ ಪಾಲಿದೆ? ಅವರನ್ನು ಕೇಳಿದ್ದೀರಾ? ಪಾಲು ಹಂಚುವಾಗ ಲೆಕ್ಕ ತೊಡಕಾದರೆ ಬಲ್ಲ ಆಲಿಮರಿಂದ ಬರೆಸಿಕೊಳ್ಳಿ. ಇಟ್ಟುಕೊಳ್ಳುವುದೂ ತಪ್ಪಲ್ಲ, ಮಾರುವುದೂ ತಪ್ಪಲ್ಲ. ಕೇಳದೆ ಇಟ್ಟುಕೊಳ್ಳುವುದು ತಪ್ಪು, ಸುಳ್ಳು ಹೇಳಿ ಮಾರುವುದು ತಪ್ಪು. ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ಹಡಗು ಹೊಳೆಯುತ್ತಿತ್ತೇ ಎಂದು ಯಾರೂ ಕೇಳುವುದಿಲ್ಲ. ಯತೀಮನ ಪಾಲು ಎಲ್ಲಿ ಎಂದು ಖಂಡಿತ ಕೇಳಲಾಗುವುದು.

ಅಲ್ಲಾಹನು ನಮ್ಮ ಮನೆಗಳನ್ನು ಇನ್ನೊಬ್ಬರ ಹಕ್ಕಿನಿಂದ ಶುದ್ಧವಾಗಿಡಲಿ, ನಮ್ಮ ಹಿರಿಯರ ಹಜ್ಜನ್ನು ಸ್ವೀಕರಿಸಲಿ, ಅವರು ಬಿಟ್ಟುಹೋದ ಮಕ್ಕಳನ್ನು ಪರಸ್ಪರ ಜೋಡಿಸಲಿ. ಆಮೀನ್.